ದಾಸ್ತೊಯೆವ್‌ಸ್ಕಿಯ ಮನೆ

ದಾಸ್ತೊಯೆವ್‌ಸ್ಕಿಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ದೇವರು, ಪಾಪ, ಸ್ವಾತಂತ್ರ್ಯ ಎಂಬ ದೊಡ್ಡ ಮಾತುಗಳಿಂದ ತೊಡಗುತ್ತಾರೆ. ಅದು ತಪ್ಪೆಂದು ನಾನು ಹೇಳಲಾರೆ. ಆದರೆ ಆತನ ಕೃತಿಗಳನ್ನು ವಿದ್ಯಾರ್ಥಿಗಳ ಜೊತೆಯಲ್ಲಿಯೂ ಒಬ್ಬನೇ ಕುಳಿತೂ ಹಲವು ವರ್ಷಗಳಿಂದ ಓದುತ್ತ ಬಂದಿರುವ ನನಗೆ ಅವನು ಮೊದಲು ಕಾಣುವುದು ಸಂಸಾರದ ಕಾದಂಬರಿಕಾರನಾಗಿ. ತಾಯಿ, ಮಗ, ತಂಗಿ, ತಂದೆ, ಮಕ್ಕಳು, ಹೆಂಡತಿ, ಮಲಮಗ, ಈ ನಂಟುಗಳ ನಡುವೆ ಒಂದು ಕೊಲೆ ಬಂದು ನಿಲ್ಲುತ್ತದೆ, ಇಲ್ಲವೆ ಒಂದು ರೋಗ, ಇಲ್ಲವೆ ಬಾಯಿ ಬಿಟ್ಟು ಹೇಳಲಾಗದ ಒಂದು ಗುಟ್ಟು. ಆಗ ಮನೆಯವರ ಪ್ರೀತಿ ಏನಾಗುತ್ತದೆ? ಪತ್ತೇದಾರಿ ಕಾದಂಬರಿಯಲ್ಲಿ ಕೊಂದವನು ಯಾರೆಂಬುದೇ ಪ್ರಶ್ನೆ. ಇಲ್ಲಿ ಅದು ಪ್ರಶ್ನೆಯೇ ಅಲ್ಲ. ಕೊಂದವನು ನಮ್ಮವನೆಂದು ತಿಳಿದ ಮೇಲೆ ಮನೆಯವರು ಅವನೊಡನೆ ಹೇಗೆ ಬಾಳುವರೆಂಬುದು ಪ್ರಶ್ನೆ. ಇದನ್ನು ಅವನು ಪುಸ್ತಕಗಳಿಂದ ಕಲಿಯಲಿಲ್ಲ. ಅವನ ಜೀವನಚರಿತ್ರೆಯನ್ನು ಈ ದೃಷ್ಟಿಯಿಂದಲೇ ಇಲ್ಲಿ ಹೇಳಬಯಸುತ್ತೇನೆ. ತೇದಿಗಳನ್ನು ಅಂದಿನ ರಷ್ಯದ ಹಳೆಯ ಪಂಚಾಂಗದಂತೆ ಕೊಟ್ಟಿದ್ದೇನೆ. ಆ ಶತಮಾನದಲ್ಲಿ ಅದು ನಮ್ಮ ಇಂದಿನ ಲೆಕ್ಕಕ್ಕಿಂತ 12 ದಿನ ಹಿಂದಿತ್ತು.

ಫ್ಯೋದರ್ ಮಿಖೈಲೊವಿಚ್ ದಾಸ್ತೊಯೆವ್‌ಸ್ಕಿ ಹುಟ್ಟಿದ್ದು 1821ರ ಅಕ್ಟೋಬರ್ 30ರಂದು, ಮಾಸ್ಕೋ ನಗರದ ಬಡವರ ಆಸ್ಪತ್ರೆಯೊಂದರ ಆವರಣದಲ್ಲಿ. ತಂದೆ ಮಿಖೈಲ್ ಆಂದ್ರೆಯೆವಿಚ್ ಅಲ್ಲಿಯ ವೈದ್ಯ. ಕಟ್ಟುನಿಟ್ಟಿನ ಮನುಷ್ಯ, ಮುಂಗೋಪಿ, ಸಂಶಯದ ಸ್ವಭಾವದವನು, ಆದರೆ ಮಕ್ಕಳ ಓದಿಗಾಗಿ ತನ್ನ ಶಕ್ತಿ ಮೀರಿ ಹಣ ಸುರಿದವನು. ತಾಯಿ ಮರಿಯ ವ್ಯಾಪಾರಸ್ಥರ ಮನೆಯ ಮಗಳು, ಮೃದು ಸ್ವಭಾವದವಳು. ತಂದೆ 1831ರಲ್ಲಿ ದರೊವೊಯೆ ಎಂಬ ಹಳ್ಳಿಯನ್ನೂ ಅನಂತರ ಅದರ ನೆರೆಯ ಚೆರ್ಮಾಷ್ನ್ಯ ಎಂಬ ಹಳ್ಳಿಯನ್ನೂ ಅಲ್ಲಿಯ ಜೀತದಾಳುಗಳ ಸಹಿತ ಕೊಂಡನು. ಚೆರ್ಮಾಷ್ನ್ಯ ಎಂಬ ಈ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ನಲವತ್ತು ವರ್ಷಗಳಾದ ಮೇಲೆ ಅದು ಮತ್ತೆ ಬರುತ್ತದೆ.

1837ರ ಆರಂಭದಲ್ಲಿ ತಾಯಿ ಕ್ಷಯದಿಂದ ತೀರಿಕೊಂಡಳು. ಮರುವರ್ಷ ಫ್ಯೋದರ್ ಪೀಟರ್ಸ್‌ಬರ್ಗಿನ ಸೈನಿಕ ಎಂಜಿನಿಯರಿಂಗ್ ವಿದ್ಯಾಲಯಕ್ಕೆ ಸೇರಿದನು. ಅಲ್ಲಿಂದ ಊರಿಗೆ ಬರೆದ ಕಾಗದಗಳೆಲ್ಲ ಬಹುಮಟ್ಟಿಗೆ ಹಣ ಕೇಳುವ ಕಾಗದಗಳು. ಶಿಬಿರದಲ್ಲಿ ಉಳಿದವರಿಗೆ ಸ್ವಂತ ಚಹಾ ಇದೆ, ಬೂಟು ಇದೆ, ಪೆಟ್ಟಿಗೆ ಇದೆ, ತನಗೂ ಬೇಕು ಎಂಬ ಧಾಟಿ. ಹೆಂಡತಿಯನ್ನು ಕಳೆದುಕೊಂಡು, ಕುಡಿತಕ್ಕೆ ಬಿದ್ದು ಹಳ್ಳಿಯಲ್ಲಿ ಒಂಟಿಯಾಗಿದ್ದ ತಂದೆ, ಮಳೆ ಬೆಳೆ ಕೆಟ್ಟು ತಾನೇ ಮುಳುಗಿಹೋಗುತ್ತಿರುವುದನ್ನು ವಿವರಿಸಿ, ಆದರೂ ಹಣ ಕಳಿಸಿದನು. ಅದಾದ ಕೆಲವೇ ದಿನಗಳಲ್ಲಿ, 1839ರ ಜೂನ್ ತಿಂಗಳಲ್ಲಿ, ಹೊಲದ ಬಳಿ ಅವನು ಸತ್ತು ಬಿದ್ದಿದ್ದನು.

ಸರ್ಕಾರದ ತನಿಖೆ ರಕ್ತಾಘಾತದ ಸಾವೆಂದು ಬರೆದುಕೊಂಡಿತು. ಮನೆಯವರು ಮಾತ್ರ ಬೇರೆಯದನ್ನು ನಂಬಿದರು: ಅವನ ಕಾಟ ತಾಳಲಾರದೆ ಚೆರ್ಮಾಷ್ನ್ಯದ ಜೀತದಾಳುಗಳೇ ಅವನನ್ನು ಕೊಂದರು ಎಂದು. ತಮ್ಮನಾದ ಆಂದ್ರೆಯ್ ಮುಂದೆ ತನ್ನ ನೆನಪುಗಳಲ್ಲಿ ಇದನ್ನೇ ಬರೆದನು. ಬಂಧುಗಳು ದೂರು ಕೊಡಲಿಲ್ಲ. ಕೊಟ್ಟಿದ್ದರೆ ಹಳ್ಳಿಯ ಗಂಡಾಳುಗಳೆಲ್ಲ ಸೈಬೀರಿಯಕ್ಕೆ ಹೋಗಿ, ಮಕ್ಕಳಿಗೆ ಉಳಿದಿದ್ದ ಒಂದೇ ಆಸ್ತಿ ಹಾಳಾಗುತ್ತಿತ್ತು. ಸತ್ತ ತಂದೆಗೆ ನ್ಯಾಯವೋ, ಬದುಕಿರುವ ಮಕ್ಕಳಿಗೆ ಅನ್ನವೋ? ಮನೆತನ ಎರಡನೆಯದನ್ನು ಆರಿಸಿಕೊಂಡು ಬಾಯಿ ಮುಚ್ಚಿಕೊಂಡಿತು. 1970ರ ದಶಕದಲ್ಲಿ ದಫ್ತರಗಳನ್ನು ಶೋಧಿಸಿದವರು, ಕೊಲೆಯ ಮಾತು ನೆರೆಯ ಜಮೀನುದಾರನೊಬ್ಬನಿಂದ ಹುಟ್ಟಿದ್ದು, ಅವನಿಗೂ ಈ ಮನೆಯವರಿಗೂ ಜಮೀನಿನ ವ್ಯಾಜ್ಯವಿತ್ತು ಎಂದು ತೋರಿಸಿದ್ದಾರೆ. ಇದ್ದರೂ ಇರಬಹುದು. ಆದರೆ ಒಬ್ಬ ಲೇಖಕನ ಮನಸ್ಸನ್ನು ರೂಪಿಸುವುದು ನಡೆದದ್ದಷ್ಟೇ ಅಲ್ಲ, ನಡೆಯಿತೆಂದು ಅವನು ನಂಬಿಕೊಂಡಿದ್ದುದು ಕೂಡ. ಕಾಗದಗಳಲ್ಲಾಗಲಿ ಲೇಖನಗಳಲ್ಲಾಗಲಿ ದಾಸ್ತೊಯೆವ್‌ಸ್ಕಿ ಈ ಸಾವಿನ ರೀತಿಯನ್ನು ಬಿಚ್ಚಿ ಹೇಳಲಿಲ್ಲ. ಹದಿನೇಳು ವರ್ಷದ ಹುಡುಗ ಚಹಾಕ್ಕೂ ಬೂಟಿಗೂ ಹಣ ಕೇಳಿ ಬರೆದ ಕಾಗದಗಳು ಮಾತ್ರ ಉಳಿದುಕೊಂಡಿವೆ.

ಅವನ ಮೊದಲ ಕಾದಂಬರಿಯಾದ 'ಬಡ ಜನರು' 1846ರಲ್ಲಿ ಪ್ರಕಟವಾಗಿ, ವಿಮರ್ಶಕ ಬೆಲಿನ್‌ಸ್ಕಿಯ ಮೆಚ್ಚುಗೆಯಿಂದ ಒಂದೇ ಸಲಕ್ಕೆ ಹೆಸರು ತಂದುಕೊಟ್ಟಿತು. ಆ ವೈಭವವನ್ನೂ, ಅದು ಬೇಗನೆ ಇಳಿದದ್ದನ್ನೂ ಸಾಹಿತ್ಯಚರಿತ್ರೆಗಳು ವಿಸ್ತಾರವಾಗಿ ಹೇಳುತ್ತವೆ. ನಾನು ಮುಂದಕ್ಕೆ ಹೋಗುತ್ತೇನೆ. 1849ರ ಏಪ್ರಿಲ್‌ನಲ್ಲಿ ಪೆತ್ರಷೆವ್‌ಸ್ಕಿಯ ಗುಂಪಿನವರ ಜೊತೆಗೆ ಅವನನ್ನು ಬಂಧಿಸಿದರು. ಪೊಲೀಸರು ಅಣ್ಣ ಮಿಖೈಲನೆಂದು ಭ್ರಮಿಸಿ ತಮ್ಮ ಆಂದ್ರೆಯ್‌ನನ್ನು ಹಿಡಿದೊಯ್ದರು. ತಪ್ಪು ಬೆಳಕಿಗೆ ಬರಲು ಕೆಲವು ದಿನಗಳು ಹಿಡಿದವು. ಅಷ್ಟರಲ್ಲಿ ಹೆಂಡತಿಮಕ್ಕಳುಳ್ಳ ಮಿಖೈಲನಿಗೆ ಮನೆಯ ವ್ಯವಸ್ಥೆ ಮಾಡಿಕೊಳ್ಳಲು ಅವಕಾಶ ಸಿಕ್ಕಿತು. ಡಿಸೆಂಬರ್ 22ರಂದು ಸೆಮ್ಯೊನೊವ್ ಮೈದಾನದಲ್ಲಿ ಗುಂಡಿಕ್ಕುವ ಶಿಕ್ಷೆಯ ನಾಟಕ ನಡೆದು, ಕೊನೆಯ ಗಳಿಗೆಯಲ್ಲಿ ಜೀವ ಉಳಿದದ್ದು ಎಲ್ಲರಿಗೂ ತಿಳಿದ ಕಥೆ. ಸೈಬೀರಿಯಕ್ಕೆ ಹೊರಡುವ ಮೊದಲು ಕೋಟೆಯಲ್ಲಿ ಅಣ್ಣತಮ್ಮಂದಿರು ಭೇಟಿಯಾದರು. ಅಲ್ಲಿಂದ ಮುಂದಿನ ನಾಲ್ಕು ವರ್ಷ, ಓಮ್‌ಸ್ಕ್ ಸೆರೆಮನೆಯಲ್ಲಿ ಕಾಲಿಗೆ ಬೇಡಿ ತೊಟ್ಟಿದ್ದ ತಮ್ಮನಿಗೆ ಮಿಖೈಲನಿಂದ ಒಂದು ಕಾಗದವೂ ಬರಲಿಲ್ಲ. ಬಿಡುಗಡೆಯಾದ ಮೇಲೆ ಫ್ಯೋದರ್ ಇದನ್ನು ನೊಂದು ಕೇಳಿದ್ದುಂಟು; ಆದರೆ ಪ್ರೀತಿಯನ್ನು ಕಡಿದುಕೊಳ್ಳಲಿಲ್ಲ.

ಸೆರೆಯಲ್ಲಿ ಅವನ ಜೊತೆಗೆ ತಂದೆಯನ್ನು ಕೊಂದನೆಂಬ ಆರೋಪದ ಮೇಲೆ ಶಿಕ್ಷೆಗೊಳಗಾದ ಒಬ್ಬ ಮಾಜಿ ಸೇನಾಧಿಕಾರಿ ಇದ್ದನು. ಹಗುರ ಸ್ವಭಾವದ, ನಗುನಗುತ್ತಿರುವ ಮನುಷ್ಯ. ತಂದೆಯ ಮಾತು ಬಂದಾಗಲೂ ಅವನ ಮುಖದಲ್ಲಿ ಕೊಲೆಗಾರನ ನೆರಳಿಲ್ಲ. ದಾಸ್ತೊಯೆವ್‌ಸ್ಕಿಗೆ ಇದು ಅರ್ಥವಾಗಲಿಲ್ಲ. 'ಸತ್ತವರ ಮನೆ' ಎಂಬ ಸೆರೆಮನೆಯ ಕಥನದ ಆರಂಭದಲ್ಲಿ ಈ ಒಗಟನ್ನು ಬರೆದನು. ಆ ಕೃತಿ ಪ್ರಕಟವಾಗುತ್ತಿರುವಾಗಲೇ ಸೈಬೀರಿಯದಿಂದ ಸುದ್ದಿ ಬಂದಿತು: ಆ ಮನುಷ್ಯ ನಿರಪರಾಧಿ, ಹತ್ತು ವರ್ಷ ಸುಮ್ಮನೆ ಶಿಕ್ಷೆ ಅನುಭವಿಸಿದ್ದಾನೆ ಎಂದು. ಪುಸ್ತಕದ ಮುಂದಿನ ಭಾಗದಲ್ಲಿ ಅದನ್ನೂ ಸೇರಿಸಿದನು. 1874ರ ಅವನ ಟಿಪ್ಪಣಿಯೊಂದರಲ್ಲಿ ಇದೇ ಕಥೆ ಇಬ್ಬರು ಅಣ್ಣತಮ್ಮಂದಿರ ನಾಟಕವಾಗಿ ಮೊಳೆಯುತ್ತದೆ: ಕೊಂದವನು ತಮ್ಮ, ಸೆರೆಗೆ ಹೋದವನು ಅಣ್ಣ.

ಸೆರೆಯ ಅನಂತರ ಸೆಮಿಪಲಾತಿನ್‌ಸ್ಕ್‌ನಲ್ಲಿ ಸಾಮಾನ್ಯ ಸಿಪಾಯಿಯಾಗಿದ್ದಾಗ, ಕುಡುಕ ಗಂಡನ ಕೈಹಿಡಿದು ಬಡತನದಲ್ಲಿ ಬೇಯುತ್ತಿದ್ದ ಮರಿಯ ದ್ಮಿತ್ರಿಯೆವ್ನ ಎಂಬುವಳಲ್ಲಿ ಅವನಿಗೆ ಪ್ರೀತಿ ಹುಟ್ಟಿತು. ಅವಳು ವಿಧವೆಯಾದ ಮೇಲೆ, 1857ರ ಫೆಬ್ರವರಿಯಲ್ಲಿ, ಮದುವೆಯಾಯಿತು. ಮದುವೆ ಮುಗಿಸಿ ಹಿಂದಿರುಗುವ ದಾರಿಯಲ್ಲಿ ಬರ್ನಾವುಲ್ ಎಂಬ ಊರಿನಲ್ಲಿ ಅವನು ಮೂರ್ಛೆ ಬಿದ್ದನು. ಮದುಮಗಳು ಹೆದರಿ ನಡುಗಿದಳು. ಅದುವರೆಗೂ ನರಗಳ ದೌರ್ಬಲ್ಯವೆಂದು ಸಮಾಧಾನ ಹೇಳುತ್ತಿದ್ದುದನ್ನು ಅಲ್ಲಿಯ ವೈದ್ಯನು ನಿಜವಾದ ಅಪಸ್ಮಾರವೆಂದು ಹೇಳಿಬಿಟ್ಟನು. ಇದು ಮೊದಲೇ ಖಚಿತವಾಗಿ ತಿಳಿದಿದ್ದರೆ ತಾನು ಮದುವೆಯನ್ನೇ ಆಗುತ್ತಿರಲಿಲ್ಲವೆಂದು ಅಣ್ಣನಿಗೆ ಬರೆದುಕೊಂಡನು. ದಾಂಪತ್ಯ ಮೊದಲ ವಾರದಲ್ಲಿಯೇ ಬಿರಿಯಿತು ಎನ್ನಬೇಕು.

ಮುಂದಿನದನ್ನು ಮುಚ್ಚಿಡುವುದು ಸರಿಯಲ್ಲ. ಪೀಟರ್ಸ್‌ಬರ್ಗಿಗೆ ಮರಳಿ, ಅಣ್ಣನೊಡನೆ ಪತ್ರಿಕೆ ನಡೆಸುತ್ತಿದ್ದಾಗ, ಹೆಂಡತಿ ಕ್ಷಯದಿಂದ ಕ್ಷೀಣಿಸುತ್ತಿರುವಂತೆಯೇ, 1863ರಲ್ಲಿ ಅವನು ಅಪಲಿನಾರಿಯ ಸುಸ್ಲೊವ ಎಂಬ ತರುಣಿಯೊಡನೆ ಯೂರೋಪಿನಲ್ಲಿ ತಿರುಗಿದನು. ಜೂಜಿನ ಮೇಜುಗಳ ಮುಂದೆ ಕುಳಿತನು. ಮರುವರ್ಷ ಮಾಸ್ಕೋದಲ್ಲಿ ಸಾಯುತ್ತಿರುವ ಹೆಂಡತಿಯ ಮಗ್ಗುಲಿನಲ್ಲಿ ಕುಳಿತು ಶುಶ್ರೂಷೆ ಮಾಡಿದವನೂ ಅವನೇ. ಏಪ್ರಿಲ್‌ನಲ್ಲಿ ಅವಳು ಸತ್ತಳು. ಹೆಣದ ಎದುರಿಗೇ, ಮತ್ತೆ ಅವಳನ್ನು ಎಂದಾದರೂ ಕಾಣುವೆನೇ ಎಂಬ ಚಿಂತನೆಯನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದನು. ಇಂಥವನನ್ನು ಒಳ್ಳೆಯವನೆನ್ನಬೇಕೋ ಕೆಟ್ಟವನೆನ್ನಬೇಕೋ ಎಂದು ಒಮ್ಮೆ ನನ್ನ ವಿದ್ಯಾರ್ಥಿಯೊಬ್ಬ ಕೇಳಿದ್ದನು. 'ಅಪರಾಧ ಮತ್ತು ಶಿಕ್ಷೆ'ಯ ಕತೆರೀನ ಇವಾನೊವ್ನಳನ್ನು ಓದು ಎಂದೆ. ಕ್ಷಯದ ಕೆಮ್ಮು, ಹಿಂದಿನ ವೈಭವದ ಹೆಮ್ಮೆ, ಕುಡುಕ ಗಂಡ, ಹಸಿದ ಮಕ್ಕಳು. ಆಕೆಯಲ್ಲಿ ಮರಿಯಳ ಛಾಯೆಯಿದೆಯೆಂದು ಬಲ್ಲವರೆಲ್ಲ ಹೇಳುತ್ತಾರೆ. ಅವಳಿಗೆ ಬದುಕಿನಲ್ಲಿ ಕೊಡಲಾರದೆ ಹೋದುದನ್ನು ಅಲ್ಲಿ ಕೊಟ್ಟಿದ್ದಾನೆ, ಅಷ್ಟೆ. ಅದು ಸಾಲುತ್ತದೆಯೆಂದು ನಾನು ಹೇಳುವುದಿಲ್ಲ.

ಅದೇ 1864ರ ಜುಲೈಯಲ್ಲಿ ಮಿಖೈಲ್ ತೀರಿಕೊಂಡನು. ಅವನು ಬಿಟ್ಟುಹೋದದ್ದು ವಿಧವೆ, ಮಕ್ಕಳು, ಕುಂಟುತ್ತಿರುವ ಒಂದು ಪತ್ರಿಕೆ, ಸುಮಾರು 25,000 ರೂಬಲ್ ಸಾಲ. ಪತ್ರಿಕೆಯನ್ನು ಅಲ್ಲಿಗೇ ಮುಚ್ಚಿ, ಸಾಲಗಾರರಿಗೆ ಇದ್ದದ್ದನ್ನು ಹಂಚಿ ಕೈತೊಳೆದುಕೊಳ್ಳಬಹುದಾಗಿತ್ತು. ಅಣ್ಣನ ಹೆಸರು ಕೆಡಬಾರದೆಂದು ಫ್ಯೋದರ್ ಎಲ್ಲವನ್ನೂ ತನ್ನ ತಲೆಯ ಮೇಲೆ ಹೊತ್ತುಕೊಂಡನು. ಸೆರೆಯಲ್ಲಿದ್ದಾಗ ಒಂದು ಕಾಗದ ಬರೆಯದ ಅಣ್ಣ! ಅವಿಭಕ್ತ ಕುಟುಂಬದ ಲೆಕ್ಕಪತ್ರಗಳನ್ನು ಕಂಡ ನಮ್ಮ ಜನಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮರುವರ್ಷವೇ ಪತ್ರಿಕೆ ನಿಂತಿತು. ಸಾಲ ಮಾತ್ರ ಅವನ ಬದುಕಿನ ಕೊನೆಯವರೆಗೂ ಬೆನ್ನು ಬಿಡಲಿಲ್ಲ.

ಈ ಸಾಲದ ನಡುವೆ ಹುಟ್ಟಿದ್ದು 1866ರ 'ಅಪರಾಧ ಮತ್ತು ಶಿಕ್ಷೆ'. ರಸ್ಕೋಲ್ನಿಕೊವ್ ಎಂಬ ಬಡ ವಿದ್ಯಾರ್ಥಿ ಗಿರವಿ ಅಂಗಡಿಯ ಮುದುಕಿಯನ್ನು ಕೊಲ್ಲುವುದನ್ನೂ, ಅವನ ಸಿದ್ಧಾಂತವನ್ನೂ ಎಲ್ಲರೂ ಚರ್ಚಿಸುತ್ತಾರೆ. ನಾನು ಓದುವವರ ಗಮನವನ್ನು ಅವನ ತಾಯಿಯ ಕಾಗದದ ಕಡೆಗೆ ಸೆಳೆಯಬಯಸುತ್ತೇನೆ. ಅಣ್ಣನ ಭವಿಷ್ಯಕ್ಕಾಗಿ ತಂಗಿ ದೂನ್ಯ ತನಗೆ ಒಲ್ಲದ ಲೂಜಿನ್‌ನನ್ನು ಮದುವೆಯಾಗಲಿದ್ದಾಳೆಂಬ ಸುದ್ದಿಯನ್ನು ತಾಯಿ ಸಂತೋಷದ ಸುದ್ದಿಯೆಂಬಂತೆ ಬರೆಯುತ್ತಾಳೆ. ಆ ಕಾಗದದ ಪ್ರೀತಿಯೇ ಮಗನಿಗೆ ಉರುಳಾಗುತ್ತದೆ. ಕೊಲೆಯಾದ ಮೇಲೆ ಅದೇ ತಾಯಿ, ಅದೇ ತಂಗಿ ಊರಿಗೆ ಬಂದು ಅಪ್ಪಿಕೊಂಡಾಗ ಅವನು ಕೈಯೆತ್ತಲಾರ, ಮೂರ್ಛೆ ಹೋಗುತ್ತಾನೆ. ಸೋನ್ಯಳ ಮುಂದೆ ಅವನು ಒಪ್ಪಿಕೊಂಡದ್ದನ್ನು ಗೋಡೆಯಾಚೆ ಕುಳಿತು ಕೇಳಿದ ಸ್ವಿದ್ರಿಗೈಲೊವ್ ಆ ಗುಟ್ಟನ್ನೇ ಹಿಡಿದು ದೂನ್ಯಳನ್ನು ಬಲೆಗೆ ಬೀಳಿಸಲೆತ್ನಿಸುತ್ತಾನೆ. ತಾಯಿಗೆ ಯಾರೂ ನಿಜ ಹೇಳುವುದಿಲ್ಲ. ಮಗ ದೂರದೂರಿಗೆ ಹೋಗಿದ್ದಾನೆ ಎಂಬ ಸುಳ್ಳನ್ನು ಆಕೆ ಕೇಳುವುದೂ ಇಲ್ಲ, ಪ್ರಶ್ನಿಸುವುದೂ ಇಲ್ಲ. ಕೊನೆಗೆ ಜ್ವರದ ಕನವರಿಕೆಯಲ್ಲಿ ಹೊರಬೀಳುವ ಮಾತುಗಳಿಂದ, ಉಳಿದವರು ಎಣಿಸಿದ್ದಕ್ಕಿಂತ ಹೆಚ್ಚಿನದನ್ನು ಆಕೆ ಊಹಿಸಿದ್ದಳೆಂದು ತಿಳಿಯುತ್ತದೆ. ಕೊಲೆಯ ದೃಶ್ಯಕ್ಕಿಂತ ಈ ಕೆಲವು ಸಾಲುಗಳು ನನಗೆ ಹೆಚ್ಚು ಭಯಂಕರವಾಗಿ ಕಂಡಿವೆ.

ಅದೇ ವರ್ಷ ಇನ್ನೊಂದು ಇಕ್ಕಟ್ಟು. ಸ್ತೆಲ್ಲೊವ್‌ಸ್ಕಿ ಎಂಬ ಪ್ರಕಾಶಕನಿಂದ 3,000 ರೂಬಲ್ ಪಡೆದು ಬರೆದುಕೊಟ್ಟಿದ್ದ ಕರಾರಿನ ಪ್ರಕಾರ 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿಯೊಂದನ್ನು ಕೊಡದಿದ್ದರೆ ಒಂಬತ್ತು ವರ್ಷಗಳ ಕಾಲ ಅವನ ಬರಹವೆಲ್ಲ ಪುಕ್ಕಟೆಯಾಗಿ ಪ್ರಕಾಶಕನ ಪಾಲು. ಅಕ್ಟೋಬರ್ ಆರಂಭದಲ್ಲಿ ಶೀಘ್ರಲಿಪಿ ಬಲ್ಲ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಮನೆಗೆ ಬಂದಳು: ಅನ್ನ ಗ್ರಿಗೊರಿಯೆವ್ನ ಸ್ನಿತ್ಕಿನ. ಇಪ್ಪತ್ತಾರು ದಿನಗಳಲ್ಲಿ 'ಜೂಜುಗಾರ' ಮುಗಿಯಿತು. ಪ್ರಕಾಶಕನು ಬೇಕೆಂದೇ ಊರು ಬಿಟ್ಟಿದ್ದುದರಿಂದ ಹಸ್ತಪ್ರತಿಯನ್ನು ಪೊಲೀಸ್ ಠಾಣೆಯಲ್ಲಿ ಒಪ್ಪಿಸಿ ರಸೀತಿ ಪಡೆದರು. 1867ರ ಫೆಬ್ರವರಿಯಲ್ಲಿ ಅವರಿಬ್ಬರ ಮದುವೆಯಾಯಿತು.

ಸಾಲಗಾರರಿಂದಲೂ, ಸತ್ತ ಅಣ್ಣನ ಸಂಸಾರ ಮತ್ತು ಮಲಮಗನ ಕಾಟದಿಂದಲೂ ತಪ್ಪಿಸಿಕೊಳ್ಳಲು ಇಬ್ಬರೂ ವಿದೇಶಕ್ಕೆ ಹೋದರು. ನಾಲ್ಕು ವರ್ಷ ಅಲ್ಲಿಯೇ ಉಳಿದರು. ಬಾಡೆನ್‌ನಲ್ಲಿ ಗಂಡ ಜೂಜಾಡಿದನು. ಹೆಂಡತಿಯ ಓಲೆ, ಉಂಗುರ, ಬಟ್ಟೆಬರೆ ಒಂದೊಂದಾಗಿ ಗಿರವಿ ಅಂಗಡಿ ಸೇರಿದವು. ಬಸುರಿಯಾಗಿದ್ದ ಅನ್ನ ಅದೆಲ್ಲವನ್ನೂ ಶೀಘ್ರಲಿಪಿಯಲ್ಲಿ ದಿನಚರಿಯಾಗಿ ಬರೆದಿಟ್ಟಳು. ಗಂಡನಿಗೆ ಆ ಲಿಪಿ ಓದಲು ಬಾರದು. ಈ ಮನೆಯಲ್ಲಿ ಆಕೆಗೂ ಒಂದು ಗುಟ್ಟಿತ್ತು ಎಂಬುದು ನನಗೆ ಸಮಾಧಾನ ಕೊಡುತ್ತದೆ. 1868ರಲ್ಲಿ ಜಿನೀವದಲ್ಲಿ ಹುಟ್ಟಿದ ಮೊದಲ ಮಗು ಸೋನ್ಯ ಮೂರು ತಿಂಗಳಿಗೆ ತೀರಿಕೊಂಡಿತು. ಆಗ ಬರೆಯುತ್ತಿದ್ದುದು ತನ್ನ ರೋಗವನ್ನೇ ನಾಯಕನಿಗೆ ಕೊಟ್ಟ 'ಮೂರ್ಖ' ಕಾದಂಬರಿ. 1871ರ ವಸಂತದಲ್ಲಿ ವೀಸ್‌ಬಾಡೆನ್‌ನಲ್ಲಿ ಕೊನೆಯ ಬಾರಿ ಜೂಜಾಡಿ ಸೋತನು. ಆ ದಿನಗಳಲ್ಲಿ ಕನಸಿನಲ್ಲಿ ತಂದೆ ಭಯಾನಕ ರೂಪದಲ್ಲಿ ಕಾಣಿಸಿಕೊಂಡನೆಂದೂ, ಹಾಗೆ ಕಂಡಾಗಲೆಲ್ಲ ಕೇಡು ಸಂಭವಿಸಿದೆಯೆಂದೂ ಹೆಂಡತಿಗೆ ಬರೆದನು. ಅನಂತರ ಅವನು ಮತ್ತೆ ಜೂಜಿನ ಮೇಜಿಗೆ ಹೋಗಲಿಲ್ಲ. ಕಾರಣ ಕನಸೋ, ನಾಚಿಕೆಯೋ, ಅನ್ನಳ ತಾಳ್ಮೆಯೋ. ಮೂರನೆಯದೆಂದು ನನ್ನ ಎಣಿಕೆ.

ರಷ್ಯಕ್ಕೆ ಮರಳಿದ ಮೇಲೆ ಆಕೆ ಸಾಲಗಾರರೊಡನೆ ತಾನೇ ಮಾತಾಡಿದಳು. 1873ರಿಂದ ಗಂಡನ ಪುಸ್ತಕಗಳನ್ನು ತಾನೇ ಅಚ್ಚು ಹಾಕಿಸಿ ಮಾರಿದಳು. 1875ರಲ್ಲಿ ಪ್ರಕಟವಾದ 'ಹದಿಹರೆಯದವನು' ಕಾದಂಬರಿಯಲ್ಲಿ ದಾಸ್ತೊಯೆವ್‌ಸ್ಕಿ ತನ್ನ ವಸ್ತುವಿಗೆ ಒಂದು ಹೆಸರನ್ನೇ ಕಂಡುಕೊಂಡನು: ಆಕಸ್ಮಿಕ ಕುಟುಂಬ. ಟಾಲ್‌ಸ್ಟಾಯ್‌ನ ಮನೆತನಗಳಿಗೆ ಬೇರಿದೆ, ತೋಟವಿದೆ, ತಾತಂದಿರ ಭಾವಚಿತ್ರಗಳಿವೆ. ಇವನ ಮನೆಗಳಲ್ಲಿ ತಂದೆ ಮಕ್ಕಳಿಗೆ ಒಂದು ಹೆಸರನ್ನೂ ನೆಟ್ಟಗೆ ಕೊಟ್ಟಿರುವುದಿಲ್ಲ. ಜಮೀನುದಾರನಿಗೆ ಅಕ್ರಮವಾಗಿ ಹುಟ್ಟಿದ ಹುಡುಗನೊಬ್ಬ ಬೇರೊಬ್ಬರ ಮಾನ ಕಳೆಯಬಲ್ಲ ಕಾಗದವನ್ನು ಅಂಗಿಯೊಳಗೆ ಹೊಲಿದುಕೊಂಡು ತಿರುಗುತ್ತಾನೆ. ಕೃತಿ ಸಡಿಲವಾಗಿದೆ, ಒಪ್ಪುತ್ತೇನೆ.

1875ರಲ್ಲಿಯೇ ಹುಟ್ಟಿದ ಕಿರಿಯ ಮಗ ಅಲ್ಯೋಷ 1878ರ ಮೇ 16ರಂದು ಎಡೆಬಿಡದ ಸೆಳೆತದಲ್ಲಿ ಸತ್ತನು. ಮೂರು ವರ್ಷ ತುಂಬಿರಲಿಲ್ಲ. ಅಪಸ್ಮಾರ, ತಂದೆಯಿಂದ ಬಂದ ಆಸ್ತಿ. ವೈದ್ಯನು ಇದು ಪ್ರಾಣ ಹೋಗುವ ಹೊತ್ತೆಂದು ತಂದೆಗೆ ತಿಳಿಸಿದ್ದನು. ಅವನು ಹೆಂಡತಿಗೆ ಅದನ್ನು ಹೇಳದೆ ಮಗುವಿನ ಬಳಿ ಮೊಣಕಾಲೂರಿ ಕುಳಿತನು. ಯಾಕೆ ಕುಳಿತನೆಂದು ಆಕೆಗೆ ಆಗ ತಿಳಿಯಲಿಲ್ಲ. ಮನಶ್ಶಾಸ್ತ್ರಜ್ಞ ಫ್ರಾಯ್ಡ್ 1928ರಲ್ಲಿ ಬರೆದ ಪ್ರಬಂಧದಲ್ಲಿ, ದಾಸ್ತೊಯೆವ್‌ಸ್ಕಿಯ ಮೂರ್ಛೆಗಳು ತಂದೆಯ ಸಾವನ್ನು ಒಳಗೊಳಗೇ ಬಯಸಿದ್ದರ ದಂಡನೆಯೆಂದು ವಾದಿಸಿದನು. ಜಾಣತನದ ವಾದ. ಆದರೆ ಎರಡು ವರ್ಷ ಒಂಬತ್ತು ತಿಂಗಳ ಅಲ್ಯೋಷ ಯಾರ ಸಾವನ್ನು ಬಯಸಿದ್ದನು? ರೋಗ ರೋಗವೇ, ಅದಕ್ಕೆ ಅರ್ಥವನ್ನು ತುಂಬುವ ಕೆಲಸ ಕಾದಂಬರಿಕಾರನದು.

ಆ ಜೂನ್‌ನಲ್ಲಿ ಅನ್ನಳ ಒತ್ತಾಯದಿಂದ, ತತ್ತ್ವಜ್ಞ ವ್ಲದೀಮಿರ್ ಸೊಲೊವ್ಯೊವ್‌ನ ಜೊತೆಯಲ್ಲಿ ಆಪ್ತಿನ ಎಂಬ ಮಠಕ್ಕೆ ಹೋಗಿ, ಅಲ್ಲಿಯ ಹಿರಿಯ ಅಮ್ವ್ರೋಸಿಯನ್ನು ಕಂಡುಬಂದನು. ಆ ವೃದ್ಧನು ಮಗ ಸತ್ತ ತಾಯಿಗೆ ಹೇಳಿಕಳಿಸಿದ ಸಾಂತ್ವನ 'ಕರಮಜೋವ್ ಸೋದರರು' ಕಾದಂಬರಿಯಲ್ಲಿ ಜೋಸಿಮ ಗುರುವಿನ ಬಾಯಲ್ಲಿ ಬಂದಿದೆ. ಅಲ್ಲಿ ಅಳುವ ಹೆಂಗಸಿನ ಮಗನ ಹೆಸರೂ ಅಲೆಕ್ಸೆಯ್, ಅವನಿಗೂ ಮೂರು ವರ್ಷಕ್ಕೆ ಮೂರು ತಿಂಗಳು ಕಡಮೆ.

1879, 1880ರಲ್ಲಿ 'ರೂಸ್ಕಿ ವೆಸ್ತ್‌ನಿಕ್' ಪತ್ರಿಕೆಯಲ್ಲಿ ಬಂದ ಈ ಕಾದಂಬರಿಯಲ್ಲಿ ಅವನ ಮನೆಯೆಲ್ಲ ಇದೆ. ಕೊಲೆಯಾಗುವ ನೀಚ ತಂದೆಗೆ ಕೊಟ್ಟಿರುವುದು ತನ್ನದೇ ಹೆಸರು, ಫ್ಯೋದರ್. ನಿರ್ಮಲನಾದ ಕಿರಿಯ ಮಗನಿಗೆ ಸತ್ತ ಮಗುವಿನ ಹೆಸರು. ಮಾಡದ ಕೊಲೆಗೆ ಇಪ್ಪತ್ತು ವರ್ಷದ ಶಿಕ್ಷೆಗೆ ಗುರಿಯಾಗುವ ದ್ಮಿತ್ರಿಯಲ್ಲಿ ಓಮ್‌ಸ್ಕ್‌ನ ಆ ನಗುಮೊಗದ ಕೈದಿ. ಕೊಲೆಗಾರ ಸ್ಮೆರ್ದ್ಯಕೊವ್‌ನಿಗೆ, ತಂದೆ ಹುಟ್ಟಿಸಿ ಮಗನೆನ್ನದೆ ಅಡುಗೆಮನೆಗೆ ತಳ್ಳಿದವನೆಂದು ಊರು ಹೇಳುವ ಆ ಆಳಿಗೆ, ತನ್ನ ಅಪಸ್ಮಾರವನ್ನೇ ಕೊಟ್ಟಿದ್ದಾನೆ. ಅವನು ಆ ರೋಗವನ್ನು ನಟಿಸಿ ಕೊಲೆಯನ್ನು ಮರೆಮಾಡುತ್ತಾನೆ. ಇನ್ನು ಇವಾನ್. ತಾನು ಊರಲ್ಲಿರದಿದ್ದರೆ ಏನಾಗುವುದೆಂದು ಅರೆಬರೆ ತಿಳಿದೂ ತಂದೆಯ ಕೆಲಸದ ನೆಪದಲ್ಲಿ ಹೊರಡಲು ಒಪ್ಪುತ್ತಾನೆ. ಎಲ್ಲಿಗೆ? ಚೆರ್ಮಾಷ್ನ್ಯಕ್ಕೆ. ಆ ಹಳ್ಳಿಯ ಹೆಸರನ್ನು ಬದಲಾಯಿಸುವುದು ಅವನಿಗೆ ಎಷ್ಟು ಸುಲಭವಾಗಿತ್ತು! ಕೈ ಎತ್ತದೆ, ಮಾತಾಡದೆ, ಬರಿದೆ ದೂರ ಇದ್ದುದರಿಂದಲೇ ಮಗನೊಬ್ಬ ತಂದೆಯ ಸಾವಿಗೆ ಹೊಣೆಯಾಗಬಹುದೇ ಎಂಬ ಪ್ರಶ್ನೆಗೆ ಇವಾನ್ ಬುದ್ಧಿಭ್ರಮಣೆಯಿಂದ ಉತ್ತರ ಕೊಡುತ್ತಾನೆ.

ನಮ್ಮ ಪರೀಕ್ಷಕರು ಮಹಾವಿಚಾರಕನ ಅಧ್ಯಾಯವನ್ನು ಬಿಟ್ಟು ಬೇರೆಯದನ್ನು ಕೇಳುವುದು ಅಪರೂಪ. ವಿದ್ಯಾರ್ಥಿಗಳು ಕ್ಯಾಪ್ಟನ್ ಸ್ನೆಗಿರ್ಯೊವ್‌ನ ಗುಡಿಸಲನ್ನೂ ಬಿಡದೆ ಓದಬೇಕು. ದ್ಮಿತ್ರಿ ಎಲ್ಲರೆದುರಿಗೆ ಗಡ್ಡ ಹಿಡಿದು ಎಳೆದ ಬಡ ಕ್ಯಾಪ್ಟನ್. ಅಪ್ಪನ ಆ ಅವಮಾನವನ್ನು ಕಂಡು ಇಡೀ ಶಾಲೆಯ ಮೇಲೆ ಒಬ್ಬನೇ ಕಲ್ಲೆತ್ತಿ ನಿಂತ ಹುಡುಗ ಇಲ್ಯೂಷ. ಆಮೇಲೆ ಅವನ ಕಾಯಿಲೆ, ಸಾವು. ಕರಮಜೋವ್ ಮನೆಯಲ್ಲಿ ಇರಬೇಕಾಗಿದ್ದುದೆಲ್ಲ ಈ ಒಂದು ಕೋಣೆಯಲ್ಲಿದೆ.

ಕಾದಂಬರಿ 1880ರ ನವೆಂಬರ್‌ನಲ್ಲಿ ಮುಗಿಯಿತು. ಸಾಲ ಹೆಚ್ಚು ಕಡಮೆ ತೀರಿತ್ತು. 1881ರ ಜನವರಿ ಕೊನೆಯಲ್ಲಿ ಶ್ವಾಸಕೋಶದಿಂದ ರಕ್ತ ಬಿತ್ತು. ರಾತ್ರಿ ಕೆಳಗುರುಳಿದ ಲೇಖನಿಗಾಗಿ ಭಾರವಾದ ಪುಸ್ತಕದ ಕಪಾಟನ್ನು ಸರಿಸಿದ್ದೇ ಕಾರಣವೆಂದು ಅನ್ನ ಬರೆದಿದ್ದಾಳೆ. ಮಗಳು ಲ್ಯುಬೊವ್ ಬೇರೆಯದನ್ನು ಹೇಳುತ್ತಾಳೆ: ತಂಗಿ ವೇರ ಮಾಸ್ಕೋದಿಂದ ಬಂದು, ದೊಡ್ಡಮ್ಮನಾಗಿದ್ದ ಸಿರಿವಂತೆ ಕುಮಾನಿನಳ ಆಸ್ತಿಯಲ್ಲಿ ಅವನ ಪಾಲನ್ನು ಅಕ್ಕತಂಗಿಯರಿಗೆ ಬಿಟ್ಟುಕೊಡೆಂದು ಊಟದ ಮೇಜಿನಲ್ಲಿ ಅತ್ತು ಜಗಳವಾಡಿದಳೆಂದು. ಎರಡೂ ನಡೆದಿರಬಹುದು; ತಾಯಿ ಬಂಧುಗಳ ಮಾನ ಕಾದಳು, ಮಗಳು ಕಾಯಲಿಲ್ಲ.

ಜನವರಿ 28ರಂದು, ಮೂವತ್ತೊಂದು ವರ್ಷಗಳ ಹಿಂದೆ ತೊಬೋಲ್‌ಸ್ಕ್‌ನಲ್ಲಿ ಗಡೀಪಾರಾದವರ ಹೆಂಡಿರು ತನ್ನ ಕೈಗಿತ್ತಿದ್ದ ಸುವಾರ್ತೆಯ ಪುಸ್ತಕವನ್ನು ತರಿಸಿ, ಮಕ್ಕಳಿಬ್ಬರನ್ನೂ ಕರೆಸಿ, ತಪ್ಪಿಹೋದ ಮಗ ತಂದೆಯ ಬಳಿಗೆ ಮರಳಿದ ಕಥೆಯನ್ನು ಓದಿಸಿದನು. ಪುಸ್ತಕವನ್ನು ಮಗ ಫ್ಯೋದರ್‌ಗೆ ಕೊಟ್ಟನು. ಆ ಸಂಜೆ ಅವನ ಪ್ರಾಣ ಹೋಯಿತು. ಆಗ ಅನ್ನಳಿಗೆ ಮೂವತ್ತನಾಲ್ಕು ವರ್ಷ. ಆಕೆ ಮತ್ತೆ ಮದುವೆಯಾಗಲಿಲ್ಲ. ಗಂಡನ ಗ್ರಂಥಗಳನ್ನು ಪ್ರಕಟಿಸುತ್ತ, ಕಾಗದಪತ್ರಗಳನ್ನು ಜೋಡಿಸಿಡುತ್ತ ಬದುಕಿ, 1918ರಲ್ಲಿ, ಕ್ರಾಂತಿಯ ಗೊಂದಲದ ನಡುವೆ, ಯಾಲ್ಟದಲ್ಲಿ ತೀರಿಕೊಂಡಳು. ಗಂಡನ ಪಕ್ಕದಲ್ಲಿ ಹೂಳಬೇಕೆಂಬ ಅವಳ ಬಯಕೆಯನ್ನು ಅವಳ ಮೊಮ್ಮಗನು 1968ರಲ್ಲಿ ನೆರವೇರಿಸಿದನು.